ಹರ್ನಿಯಾಗೆ ಸೊಳ್ಳೆ ಪರದೆ ಬಟ್ಟೆ ಹಾಕ್ತಾರಂತೆ, ನಿಜಾನಾ?

ಹಾವೇರಿ ಹುಡುಗ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ತೊಡೆಸಂದಿಯಲ್ಲಿ ಹರ್ನಿಯಾ ಆಗಿದೆ. ಕೆಮ್ಮಿದರೆ ಗಡ್ಡೆ ಹೊರಗೆ ಬರುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಆಪರೇಷನ್ ಮಾಡಿ ಒಳಗೆ ಮೆಶ್ ಅನ್ನುವ ಬಲೆ ಇಡಬೇಕು ಅಂದಿದ್ದಾರೆ. ಮನೆಗೆ ಬಂದ ನೆಂಟರೊಬ್ಬರು "ಕೆಲವು ಡಾಕ್ಟ್ರು ಸೊಳ್ಳೆ ಪರದೆ ಬಟ್ಟೆಯನ್ನೇ ಕತ್ತರಿಸಿ ಹಾಕ್ತಾರೆ, ಹುಷಾರು" ಅಂದುಬಿಟ್ಟರು. ಅವತ್ತಿನಿಂದ ಅಪ್ಪ ಆಪರೇಷನ್ನೇ ಬೇಡ ಅಂತ ಕೂತಿದ್ದಾರೆ. ಇದು ನಿಜಾನಾ, ಇಲ್ಲಾ ವಾಟ್ಸಾಪ್ ಕಥೆನಾ? ಗೊತ್ತಿರುವವರು ಹೇಳಿ.

ಘಟ್ಟದ ಸರ್ಜನ್
ನಿಜ. ಆದರೆ ನಿಮ್ಮ ನೆಂಟರು ಹೆದರಿಸಿದ ಹಾಗಲ್ಲ. ನಾನು ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಜನರಲ್ ಸರ್ಜನ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಟ್ಟೆಯ ಗೋಡೆ ಒಂದು ಕಡೆ ಸಡಿಲವಾಗಿ ಒಳಗಿನ ಕರುಳೋ ಕೊಬ್ಬೋ ಹೊರಗೆ ತಳ್ಳಿಕೊಂಡು ಬಂದರೆ ಅದು ಹರ್ನಿಯಾ. ಹಿಂದೆ ಆ ಕಿಂಡಿಯ ಎರಡೂ ಅಂಚನ್ನು ಎಳೆದು ಹೊಲಿಯುತ್ತಿದ್ದರು. ಎಳೆದು ಹೊಲಿದರೆ ಬಿಗಿ ಜಾಸ್ತಿ, ನೋವೂ ಜಾಸ್ತಿ. ಎಷ್ಟೋ ಜನರಿಗೆ ಮತ್ತೆ ಬಿಟ್ಟುಕೊಳ್ಳುತ್ತಿತ್ತು. 1958ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಸರ್ಜನ್ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ನೂಲಿನ ಬಲೆ ಬಳಸಿದರು. ಮಾರ್ಲೆಕ್ಸ್ ಅಂತ ಅದರ ಹೆಸರು. ಒಂದು ಪೆಟ್ರೋಲಿಯಂ ಕಂಪನಿ ತಯಾರಿಸಿದ ಪ್ಲಾಸ್ಟಿಕ್ ಅದು. ಅದೇ ವರ್ಷಗಳಲ್ಲಿ ಮಕ್ಕಳು ಸೊಂಟಕ್ಕೆ ಹಾಕಿ ತಿರುಗಿಸುವ ಹುಲಾ ಹೂಪ್ ಬಳೆಯೂ ಅದರಿಂದಲೇ ಆಗುತ್ತಿತ್ತು. ಅಂದರೆ ಕಂಪನಿ ಮೆಶ್ ಕೂಡ ಆಸ್ಪತ್ರೆಗೆಂದೇ ಹುಟ್ಟಿದ ವಸ್ತುವೇನಲ್ಲ. ಆಮೇಲೆ 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಲಿಕ್ಟೆನ್‌ಸ್ಟೀನ್, ಅಂಚುಗಳನ್ನು ಎಳೆಯುವುದೇ ಬೇಡ, ಮೇಲೆ ಬಲೆ ಇಟ್ಟು ಸುತ್ತ ಹೊಲಿದರೆ ಸಾಕು ಅಂತ ತೋರಿಸಿದರು. ಬಲೆಯ ಕಣ್ಣುಗಳೊಳಗೆ ನಮ್ಮ ಮಾಂಸವೇ ಬೆಳೆದು ಗಟ್ಟಿಯಾಗುತ್ತದೆ. ಇವತ್ತಿಗೂ ತೆರೆದ ಆಪರೇಷನ್ನಿಗೆ ಅದೇ ದಾರಿ.

ತೊಂದರೆ ಬಂದದ್ದು ಬೆಲೆಯಲ್ಲಿ. ಆಮದು ಮೆಶ್ ನಮ್ಮ ಹಳ್ಳಿಯ ರೋಗಿಗೆ ಎಟುಕುತ್ತಿರಲಿಲ್ಲ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಅನ್ನುವ ಊರಲ್ಲಿ ಡಾ. ರವೀಂದ್ರನಾಥ ಟೊಂಗಾಂವಕರ್ ಅಂತ ಒಬ್ಬ ಸರ್ಜನ್. ಮಾರುಕಟ್ಟೆಯ ಸೊಳ್ಳೆ ಪರದೆ ಬಟ್ಟೆಯ ನೂಲು ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಸೇರಿಸಿ ಮಾಡಿದ್ದು, ಮೆಶ್‌ನ ನೂಲಿಗೆ ಹತ್ತಿರದ್ದು ಅನ್ನುವುದನ್ನು ಅವರು ಗಮನಿಸಿದರು. ಔಷಧ ಸವರದ ಬಟ್ಟೆ ತಂದು, ತೊಳೆದು, ಕತ್ತರಿಸಿ, ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ರೋಗಾಣು ಕೊಂದು, ಬಳಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಊರಿನ ಕಥೆಯಾಗಿ ಉಳಿಯುತ್ತಿತ್ತು. ಅವರು ಬೇರೆ ಊರುಗಳ ಸರ್ಜನ್‌ಗಳನ್ನೂ ಸೇರಿಸಿಕೊಂಡರು, ರೋಗಿಗಳ ಲೆಕ್ಕ ಇಟ್ಟರು, 2003ರಲ್ಲಿ ಇಂಡಿಯನ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟಿಸಿದರು.

ಮುಂದೆ ಆಫ್ರಿಕಾದಲ್ಲೂ ಇದು ನಡೆಯಿತು. ಪೂರ್ವ ಉಗಾಂಡಾದಲ್ಲಿ 302 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸೊಳ್ಳೆ ಪರದೆ ಬಟ್ಟೆ, ಇನ್ನೊಂದಕ್ಕೆ ಕಂಪನಿ ಮೆಶ್. ಯಾರಿಗೆ ಯಾವುದು ಅಂತ ಚೀಟಿ ಎತ್ತಿದಂತೆ ಆಯ್ಕೆ. ವರ್ಷದ ನಂತರ ನೋಡಿದರೆ ಬಟ್ಟೆ ಹಾಕಿದ ಗುಂಪಿನಲ್ಲಿ ಒಬ್ಬರಿಗೆ ಹರ್ನಿಯಾ ಮರಳಿತ್ತು, ಇನ್ನೊಂದರಲ್ಲಿ ಯಾರಿಗೂ ಇಲ್ಲ. ಉಳಿದ ತೊಂದರೆಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬೆಲೆ ಮಾತ್ರ ಒಂದು ಕಡೆ ಸುಮಾರು 1 ಡಾಲರ್, ಇನ್ನೊಂದು ಕಡೆ 125 ಡಾಲರ್. 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು.

ಈಗ ನಿಮ್ಮ ತಂದೆಯವರ ವಿಷಯ. ಇವತ್ತು ನಮ್ಮಲ್ಲೇ ತಯಾರಾದ ಮೆಶ್ ಸಿಗುತ್ತದೆ, ಬೆಲೆ ಮೊದಲಿನಷ್ಟಿಲ್ಲ. ಯಾವುದನ್ನು ಹಾಕುತ್ತೀರಿ ಅಂತ ಡಾಕ್ಟರನ್ನು ನೇರವಾಗಿ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಂಪನಿ ಮೆಶ್ ಆದರೆ ಪ್ಯಾಕೆಟ್ ಮೇಲಿನ ಸ್ಟಿಕ್ಕರ್ ಕಿತ್ತು ಕೇಸ್ ಶೀಟಿಗೆ ಅಂಟಿಸುತ್ತಾರೆ, ಬೇಕಾದರೆ ಅದನ್ನೂ ನೋಡಿ. ಗಡ್ಡೆ ಒಳಗೆ ಹೋಗದೆ ಕಲ್ಲಿನಂತೆ ನಿಂತು, ನೋವು, ವಾಂತಿ ಶುರುವಾದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ.

ಹಾವೇರಿ ಹುಡುಗ
ತುಂಬಾ ಧನ್ಯವಾದ ಡಾಕ್ಟ್ರೇ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಆ ಸ್ಟಿಕ್ಕರ್ ನನಗೆ ತೋರಿಸಬೇಕು, ಹಂಗಾದ್ರೆ ಮಾಡಿಸ್ಕೋತೀನಿ" ಅಂದರು. ನಾಳೆ ಹೋಗಿ ದಿನ ಗೊತ್ತು ಮಾಡಿಕೊಂಡು ಬರುತ್ತೇವೆ.

ತಿಪಟೂರು ತೆಂಗು
ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಮಾತು. ಇದೆಲ್ಲ ಬಡವರ ಮೈ ಮೇಲೆ ಪ್ರಯೋಗ ಅಲ್ವಾ? ಯಾವ ಮಂತ್ರಿಯ ಹೊಟ್ಟೆಗೆ ಸೊಳ್ಳೆ ಪರದೆ ಹಾಕಿದ್ದಾರೆ ಹೇಳಿ ನೋಡೋಣ.

ಘಟ್ಟದ ಸರ್ಜನ್
ಕೇಳಬೇಕಾದ ಪ್ರಶ್ನೆಯೇ. ಆ ರೋಗಿಗೆ ಎದುರಿಗಿದ್ದದ್ದು ಬಟ್ಟೆಯೋ ಕಂಪನಿ ಮೆಶ್ಶೋ ಅನ್ನುವ ಆಯ್ಕೆ ಅಲ್ಲ. ಬಟ್ಟೆ, ಇಲ್ಲಾ ಏನೂ ಇಲ್ಲ. ಆಪರೇಷನ್ ಇಲ್ಲದೆ ಗದ್ದೆ ಕೆಲಸಕ್ಕೆ ಹೋಗುವ ಮನುಷ್ಯ ಒಂದು ದಿನ ಕರುಳು ಸಿಕ್ಕಿಹಾಕಿಕೊಂಡು ಬರುತ್ತಾನೆ. ಆದರೆ ನಿಮ್ಮ ಮಾತಿನ ಇನ್ನೊಂದು ಅರ್ಧ ಒಪ್ಪುತ್ತೇನೆ. ರೋಗಿಗೆ ಹೇಳದೆ ಹಾಕಿದರೆ, ಆಮೇಲೆ ಅವರು ಹೇಗಿದ್ದಾರೆ ಅಂತ ವಿಚಾರಿಸದೇ ಇದ್ದರೆ, ಅದು ಪ್ರಯೋಗವೂ ಅಲ್ಲ, ಬರೀ ಉಳಿತಾಯ.

ಸ್ಟಾಕ್‌ಹೋಮ್ ಶೆಟ್ರು
ತಿಪಟೂರು ಅವರೇ, ಶ್ರೀಮಂತ ದೇಶದಲ್ಲೂ ಇದು ತಪ್ಪಿದ್ದಲ್ಲ. ಇಲ್ಲಿ ಕರೋಲಿನ್‌ಸ್ಕಾ ಅಂದರೆ ವೈದ್ಯಕೀಯದ ನೊಬೆಲ್ ಬಹುಮಾನ ಘೋಷಿಸುವ ಸಂಸ್ಥೆ. ಅಲ್ಲಿಗೆ ಪಾವ್ಲೊ ಮ್ಯಾಕಿಯಾರಿನಿ ಅನ್ನುವ ಸರ್ಜನ್ ಬಂದರು. ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯದೇ ಕಾಂಡಕೋಶ (ಸ್ಟೆಮ್ ಸೆಲ್) ಹಚ್ಚಿ ಕೂರಿಸಿದರೆ ಅದು ಜೀವಂತ ನಾಳ ಆಗುತ್ತದೆ ಅಂದರು. 2011, 2012ರಲ್ಲಿ ಮೂವರಿಗೆ ಹಾಕಿದರು. ಟಿವಿ, ಪೇಪರ್ ಎಲ್ಲ ಕಡೆ ಅವರೇ. ಮೂವರೂ ತೀರಿಕೊಂಡರು. ಪ್ರಾಣಿಗಳ ಮೇಲೆ ಸರಿಯಾದ ಪರೀಕ್ಷೆಯೇ ಆಗಿರಲಿಲ್ಲ. ಒಳಗಿನ ನಾಲ್ವರು ಡಾಕ್ಟರ್‌ಗಳು ಕಡತ ಹಿಡಿದು ದೂರು ಕೊಟ್ಟರೆ ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಜೈಲು ಹಾಕಿತು.

ದೊಂಡಾಯಿಚಾದ ಡಾಕ್ಟ್ರು ಮಾಡಿದ್ದು, ಇವರು ಮಾಡಿದ್ದು, ಎರಡನ್ನೂ ಪೇಪರಿನವರು ಆವಿಷ್ಕಾರ ಅಂತಲೇ ಬರೆಯುತ್ತಾರೆ.

ಪೀಣ್ಯ ಲೇತ್
ನಾನು ಡಾಕ್ಟರ್ ಅಲ್ಲ, ಇಪ್ಪತ್ತು ವರ್ಷದ ಮೇಲಾಯ್ತು ಲೇತ್ ಮುಂದೆ. ಆಸ್ಪತ್ರೆಯವರ ಬಿಡಿಭಾಗ ಆಗಾಗ ಬರುತ್ತದೆ. ಈ ವಿಷಯದಲ್ಲಿ ನನಗೆ ಇಷ್ಟವಾದದ್ದು ಚಿತ್ರಾ ವಾಲ್ವ್.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಡಾ. ಎಂ.ಎಸ್. ವಲಿಯತ್ತಾನ್ ಹೃದಯದ ಸರ್ಜನ್. ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿ ಆದವರು. ಆಮದು ವಾಲ್ವ್ ಕೊಳ್ಳಲಾಗದೆ ಜನ ಸಾಯುವುದನ್ನು ನೋಡಿ, ಇಲ್ಲೇ ಮಾಡೋಣ ಅಂತ ಹೊರಟರು. ಹೃದಯದ ವಾಲ್ವ್ ಎಷ್ಟು ಸಲ ತೆರೆದು ಮುಚ್ಚುತ್ತದೆ ಗೊತ್ತಾ? ನಿಮಿಷಕ್ಕೆ 72 ಅಂತ ಹಿಡಿದರೂ ವರ್ಷಕ್ಕೆ ಸುಮಾರು 3.8 ಕೋಟಿ ಸಲ. ಯಾವ ಪಂಪಿನ ವಾಲ್ವ್ ಇಷ್ಟು ತಾಳುತ್ತದೆ? ಅವರ ಮೊದಲ ಮೂರು ಮಾದರಿ ಫೇಲ್ ಆದವು. ಟೈಟೇನಿಯಂ ಹಾಕಿ ನೋಡಿದರು, ಕೃತಕ ನೀಲಮಣಿಯ ಬಿಲ್ಲೆ ಹಾಕಿ ನೋಡಿದರು. ನಾಲ್ಕನೆಯದು ನಿಂತಿತು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಒಳಗೆ ಓಲಾಡುವ ಪ್ಲಾಸ್ಟಿಕ್ ಬಿಲ್ಲೆ, ಹೊಲಿಯಲು ಸುತ್ತ ಪಾಲಿಯೆಸ್ಟರ್ ಬಟ್ಟೆಯ ಉಂಗುರ. ಕುರಿಗಳಲ್ಲಿ ಪರೀಕ್ಷೆ ಆದ ಮೇಲೆ 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ಈಗ ಒಂದು ಲಕ್ಷಕ್ಕೂ ಜಾಸ್ತಿ ಜನರಿಗೆ ಹೋಗಿದೆ.

ನನ್ನಂಥವನಿಗೆ ಅದರಲ್ಲಿ ಕಾಣುವುದು ಬೇರೆ. ಆ ಚೌಕಟ್ಟನ್ನು ಒಂದೇ ಲೋಹದ ತುಂಡಿನಿಂದ ಕೊರೆದು ತೆಗೆದಿದ್ದಾರೆ. ಬಿಲ್ಲೆ ಬೀಳದಂತೆ ಹಿಡಿಯುವ ಕೊಂಡಿಗೂ ವೆಲ್ಡಿಂಗ್ ಇಲ್ಲ. ಸ್ವೀಡನ್ನಿನ ಸರ್ಜನ್ ಬ್ಯೋರ್ಕ್, ಅಮೆರಿಕದ ಎಂಜಿನಿಯರ್ ಶೈಲಿ ಸೇರಿ ಮಾಡಿದ ವಾಲ್ವ್‌ನ ಒಂದು ಮಾದರಿಯಲ್ಲಿ ಒಂದು ಕೊಂಡಿಯನ್ನು ವೆಲ್ಡ್ ಮಾಡಿದ್ದರು. ಬಹಳಷ್ಟು ಚೆನ್ನಾಗಿಯೇ ಕೆಲಸ ಮಾಡಿದವು. ಆದರೆ ಕೆಲವರಲ್ಲಿ ವೆಲ್ಡ್ ಬಿಟ್ಟು ಬಿಲ್ಲೆ ಹಾರಿ ಹೋಯಿತು, ನೂರಾರು ಜನ ಸತ್ತರು. 1986ರಲ್ಲಿ ಮಾರಾಟ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 86,000 ಮಂದಿಯ ಎದೆಯೊಳಗೆ ಅದು ಕೂತಾಗಿತ್ತು. ವೆಲ್ಡಿಂಗ್ ಮಾಡುವ ಪ್ರತಿಯೊಬ್ಬನಿಗೂ ಇದನ್ನು ಹೇಳಿಕೊಡಬೇಕು ಅನಿಸುತ್ತದೆ.

ಓಟಿ ಸಿಸ್ಟರ್
ಎಲ್ಲರೂ ಸರ್ಜನ್, ಸರ್ಜನ್ ಅಂತೀರಿ. ಪಕ್ಕದಲ್ಲಿ ಟ್ರೇ ಹಿಡಿದು ನಿಂತವರ ಕಥೆಯೂ ಇದೆ.

ನೀವೆಲ್ಲ ಕೈಗೆ ಹಾಕುವ ರಬ್ಬರ್ ಗ್ಲೌಸ್ ಬಂದದ್ದು ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನುವ ಆಪರೇಷನ್ ಥಿಯೇಟರ್ (ಓಟಿ) ನರ್ಸ್‌ನಿಂದ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ, 1889ರ ಹೊತ್ತು. ಆಗ ಪಾದರಸದ ದ್ರಾವಣದಲ್ಲಿ ಕೈ ಅದ್ದಬೇಕಿತ್ತು. ಆಕೆಯ ಕೈಯೆಲ್ಲ ಸುಲಿದು ಹುಣ್ಣಾಯಿತು. ಸರ್ಜನ್ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳ್ಳಗಿನ ರಬ್ಬರ್ ಕೈಗವಸು ಮಾಡಿಸಿಕೊಟ್ಟರು. ಮರುವರ್ಷ ಮದುವೆಯೂ ಆದರು ಬಿಡಿ. ರೋಗಿಗೆ ಸೋಂಕು ತಗಲದಿರಲಿ ಅಂತ ಗ್ಲೌಸ್ ಹಾಕುವ ಯೋಚನೆ ಬಂದದ್ದು ಆಮೇಲೆ.

ಇನ್ನೊಂದು ಫೋಗಾರ್ಟಿ ಕ್ಯಾಥೆಟರ್. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕೂತರೆ ಇವತ್ತಿಗೂ ಅದನ್ನೇ ಕೇಳುತ್ತಾರೆ. ಸಣ್ಣ ಕೊಳವೆ, ತುದಿಯಲ್ಲಿ ಪುಟ್ಟ ಬಲೂನು. ಹೆಪ್ಪು ದಾಟಿಸಿ ಒಳಗೆ ತೂರಿಸಿ, ಬಲೂನು ಉಬ್ಬಿಸಿ, ಮೆಲ್ಲಗೆ ಹಿಂದಕ್ಕೆ ಎಳೆದರೆ ಹೆಪ್ಪೆಲ್ಲ ಹೊರಗೆ. ಥಾಮಸ್ ಫೋಗಾರ್ಟಿ ಆಮೇಲೆ ದೊಡ್ಡ ಸರ್ಜನ್ ಆದರು ನಿಜ. ಆದರೆ ಆ ಯೋಚನೆ ಹುಟ್ಟಿದ್ದು ಅವರು ಹುಡುಗನಾಗಿ ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಸ್ಕ್ರಬ್ ಟೆಕ್ನಿಷಿಯನ್ (ಸರ್ಜನ್ ಕೈಗೆ ಸಾಧನ ಎತ್ತಿಕೊಡುವವ) ಆಗಿದ್ದಾಗ ನೋಡಿದ್ದರಿಂದ. ಉದ್ದಕ್ಕೆ ಕೊಯ್ದು ಹೆಪ್ಪು ತೆಗೆಯುತ್ತಿದ್ದರು, ರೋಗಿಗಳು ಕಾಲು ಕಳೆದುಕೊಳ್ಳುತ್ತಿದ್ದರು. ಮೂತ್ರದ ಕ್ಯಾಥೆಟರ್‌ಗೆ ಗ್ಲೌಸ್‌ನ ಬೆರಳ ತುದಿ ಕತ್ತರಿಸಿ ಕಟ್ಟಿ ನೋಡಿದರು. ಅಂಟು ಹಾಕಿದರೆ ನಿಲ್ಲುತ್ತಿರಲಿಲ್ಲ. ಮೀನು ಹಿಡಿಯುವ ಗಾಳಕ್ಕೆ ನೂಲು ಕಟ್ಟುವ ಗಂಟು ಅವರಿಗೆ ಗೊತ್ತಿತ್ತು, ಅದನ್ನೇ ಹಾಕಿದರು, ನಿಂತಿತು. 1961ರಲ್ಲಿ ಮೊದಲ ರೋಗಿ.

ಪೀಣ್ಯ ಲೇತ್
ಸಿಸ್ಟರ್, ಸರಿಯಾಗಿ ಹೇಳಿದಿರಿ. ಜೈಪುರ ಕಾಲು ಅನ್ನುವ ಕೃತಕ ಕಾಲಿನದ್ದೂ ಇದೇ ಕಥೆ. ಸವಾಯಿ ಮಾನಸಿಂಗ್ ಆಸ್ಪತ್ರೆಯ ಮೂಳೆ ಸರ್ಜನ್ ಡಾ. ಪಿ.ಕೆ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬರಬೇಕಾದದ್ದೇ. ಆದರೆ ಆ ಕಾಲನ್ನು ಕೈಯಿಂದ ಮಾಡಿದ್ದು ಕುಶಲಕರ್ಮಿ ರಾಮಚಂದ್ರ ಶರ್ಮ, ಮಾಸ್ಟರ್‌ಜಿ. ಸವೆದ ಟೈರಿಗೆ ಹೊಸ ಪದರ ಹಾಕುವ (ರಿಟ್ರೆಡ್) ರಬ್ಬರ್ ಕಂಡು, ಇದರಲ್ಲಿ ಪಾದ ಎರಕ ಹೊಯ್ಯಬಹುದು ಅಂದುಕೊಂಡವರು. ವಿದೇಶಿ ಕೃತಕ ಪಾದಕ್ಕೆ ಬೂಟು ಬೇಕೇ ಬೇಕು. ಇದನ್ನು ಹಾಕಿಕೊಂಡು ಬರಿಗಾಲಲ್ಲಿ ಗದ್ದೆಗೆ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ದೇವಸ್ಥಾನಕ್ಕೆ ಹೋಗಬಹುದು. ಪೇಟೆಂಟ್ ಮಾಡಿಸಲೂ ಇಲ್ಲ. ಶರ್ಮರ ಹೆಸರು ಎಷ್ಟು ಜನರಿಗೆ ಗೊತ್ತು ಹೇಳಿ?

ಶ್ರೀರಂಗಪಟ್ಟಣದ ಚಂದ್ರು
ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಸ್ವಾಮಿ. ಸುಶ್ರುತ ಮೂಗಿನ ಆಪರೇಷನ್ ಮಾಡಿದಾಗ ಯೂರೋಪಿನವರು ಎಲ್ಲಿದ್ದರು? ನಮ್ಮ ಟಿಪ್ಪು ಕಾಲದಲ್ಲೂ ಮೂಗು ಜೋಡಿಸುತ್ತಿದ್ದರು.

ಘಟ್ಟದ ಸರ್ಜನ್
ಚಂದ್ರು ಅವರೇ, ಇದ್ದದ್ದು ಹೌದು. ಆ ಟಿಪ್ಪು ಕಾಲದ ಕಥೆಯನ್ನು ಪೂರ್ತಿ ನೋಡಿ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಹತ್ತಿರ ಒಬ್ಬ ಕಸುಬುದಾರ ಅವನ ಹಣೆಯ ಚರ್ಮ ಎಬ್ಬಿಸಿ, ತಿರುಗಿಸಿ, ಹೊಸ ಮೂಗು ಕಟ್ಟಿದ. ಮೇಣದ ಹಾಳೆಯನ್ನು ಮೂಗಿನ ಅಳತೆಗೆ ಕತ್ತರಿಸಿ ಹಣೆಯ ಮೇಲಿಟ್ಟು ಗೆರೆ ಎಳೆದುಕೊಂಡಿದ್ದ. ಅದನ್ನು ಕಣ್ಣಾರೆ ಕಂಡ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರು ಇದೆ. 1794ರಲ್ಲಿ ಲಂಡನ್ ಪತ್ರಿಕೆಯಲ್ಲಿ ಕಾವಸ್‌ಜಿಯ ಚಿತ್ರವೇ ಬಂತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್‌ನಲ್ಲಿ ಮಾಡಿದರು, ಅವರ ಹೆಸರೂ ಇದೆ. ಆ ಕಸುಬುದಾರನ ಹೆಸರು ಮಾತ್ರ ಎಲ್ಲೂ ಇಲ್ಲ. ನಾವು ಬರೆದಿಡಲಿಲ್ಲ, ಬರೆದವರ ಹೆಸರು ಉಳಿಯಿತು.

ಬೀಳಗಿ ಬಸು
ಸಾಧನ ಅಷ್ಟೇ ಆವಿಷ್ಕಾರ ಅಂತ್ಯಾಕೆ ತಿಳೀಬೇಕ್ರಿ? ನಮ್ಮೂರಿನ ಡಾ. ಎಂ.ಸಿ. ಮೋದಿ ಅವರನ್ನ ಮರೀಬ್ಯಾಡ್ರಿ. ಕಣ್ಣು ಕೊಟ್ಟ ಅಣ್ಣ ಅಂತ ಮಂದಿ ಕರೀತಿದ್ರು. ಬೆಂಗಳೂರಿನವರಿಗೆ ಮೋದಿ ಆಸ್ಪತ್ರೆ ರಸ್ತೆ ಗೊತ್ತದ, ಮೋದಿ ಯಾರು ಅಂತ ಗೊತ್ತಿಲ್ಲ. ಊರೂರಿಗೆ ಹೋಗಿ ಶಾಲೆ, ಛತ್ರದಾಗ ಕ್ಯಾಂಪ್ ಹಾಕೋರು. ಸಾಲಾಗಿ ಟೇಬಲ್. ಒಬ್ರು ಇಂಜೆಕ್ಷನ್, ಒಬ್ರು ಪಟ್ಟಿ, ನಡುವೆ ಡಾಕ್ಟ್ರು ಪೊರೆ ತೆಗೆದು ಮುಂದಿನ ಟೇಬಲ್ಲಿಗೆ. ಒಂದೇ ದಿನ 833 ಆಪರೇಷನ್ ಮಾಡಿದ ದಾಖಲೆ ಅವರ ಹೆಸರಿನಾಗ ಅದ.

ತಿಪಟೂರು ತೆಂಗು
ನಮ್ಮಜ್ಜಿಗೂ ಅಂಥದ್ದೇ ಕ್ಯಾಂಪಿನಲ್ಲಿ ಆಗಿತ್ತು. ಸೋಡಾ ಬಾಟ್ಲಿ ಕನ್ನಡಕ. ಆದರೂ ಅಕ್ಕಿ ಆರಿಸುತ್ತಿದ್ದರು.

ಘಟ್ಟದ ಸರ್ಜನ್
ಆ ದಪ್ಪ ಕನ್ನಡಕ ಹೋದದ್ದು ಇನ್ನೊಬ್ಬ ಸರ್ಜನ್‌ನಿಂದ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜು ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕಿದ್ದವು. ಗಾಜು ಅಂದರೆ ಪರ್ಸ್ಪೆಕ್ಸ್ ಪ್ಲಾಸ್ಟಿಕ್. ಅದು ಕಣ್ಣಿನೊಳಗೆ ಸುಮ್ಮನೆ ಕೂತಿತ್ತು, ಕೆಂಪಾಗಲಿಲ್ಲ, ಕೀವಾಗಲಿಲ್ಲ. ಲಂಡನ್‌ನ ಹೆರಾಲ್ಡ್ ರಿಡ್ಲಿ ಇದನ್ನು ಗಮನಿಸಿ, 1949ರ ನವೆಂಬರ್‌ನಲ್ಲಿ ಅದೇ ಪ್ಲಾಸ್ಟಿಕ್‌ನ ಲೆನ್ಸ್ ಅನ್ನು ಕಣ್ಣಿನೊಳಗೆ ಇಟ್ಟರು. ದೊಡ್ಡ ದೊಡ್ಡ ಡಾಕ್ಟರ್‌ಗಳೇ ವರ್ಷಗಟ್ಟಲೆ ಬೈದರು. ಜರ್ಮನಿಯ ಕೀಲ್ ಊರಿನ ಕುರ್ಟ್ ಸೆಮ್ ಅವರಿಗಂತೂ "ನಿನ್ನ ತಲೆ ಸ್ಕ್ಯಾನ್ ಮಾಡಿಸಿಕೋ" ಅಂದಿದ್ದರು. ಅವರು 1980ರಲ್ಲಿ ದೂರ್ಬೀನು ತೂರಿಸಿ ಅಪೆಂಡಿಕ್ಸ್ ತೆಗೆದವರು. ಈಗ ಅದನ್ನೇ ಕೀಹೋಲ್ ಆಪರೇಷನ್ ಅಂತ ಬೋರ್ಡ್ ಹಾಕುತ್ತೇವೆ.

ಧ್ವನಿ ಮೈಸೂರು
ನಾನು ಸ್ಪೀಚ್ ಥೆರಪಿಸ್ಟ್. ನಮ್ಮ ಬೆಂಗಳೂರಿನದ್ದೇ ಒಂದನ್ನು ಹೇಳದಿದ್ದರೆ ಹೇಗೆ?

ಗಂಟಲ ಕ್ಯಾನ್ಸರ್ ಜಾಸ್ತಿಯಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಉಸಿರು ಕುತ್ತಿಗೆಯ ಮುಂದಿನ ತೂತಿನಿಂದ. ಬಾಯಿ ಇದೆ, ನಾಲಿಗೆ ಇದೆ, ಮಾತಿಲ್ಲ. ಅದಕ್ಕೆ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಒಂದು ಸಣ್ಣ ವಾಲ್ವ್ ಕೂರಿಸುತ್ತಾರೆ. ರೋಗಿ ಹೆಬ್ಬೆರಳಿನಿಂದ ಕುತ್ತಿಗೆಯ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ತಳ್ಳಿಕೊಂಡು ಅನ್ನನಾಳಕ್ಕೆ ಹೋಗಿ ಅಲ್ಲಿನ ಗೋಡೆ ಕಂಪಿಸುತ್ತದೆ. ಅದೇ ದನಿ. ಗಾಳಿ ಆ ಕಡೆ ಹೋಗಬೇಕು, ಅನ್ನ ನೀರು ಈ ಕಡೆ ಬರಬಾರದು. ಇದನ್ನು ಎಲ್ಲೆಡೆ ಬಳಕೆಗೆ ತಂದದ್ದು ಅಮೆರಿಕದ ಸರ್ಜನ್ ಸಿಂಗರ್, ಸ್ಪೀಚ್ ಥೆರಪಿಸ್ಟ್ ಬ್ಲೋಮ್. ಓಟಿ ಸಿಸ್ಟರ್ ಹೇಳಿದ್ದಕ್ಕೆ ಇದೂ ಒಂದು ಸೇರಿಸಿಕೊಳ್ಳಿ!

ಆಮದು ವಾಲ್ವ್‌ಗೆ 2015ರ ಹೊತ್ತಿಗೆ 15,000 ರೂಪಾಯಿಂದ ಮೇಲಿತ್ತು. ಅದೂ ಒಂದು ಸಲ ಹಾಕಿದರೆ ಮುಗಿಯಲಿಲ್ಲ, ಬಾಯಿಯ ಫಂಗಸ್ ಹಿಡಿದು ಸೋರುತ್ತದೆ, ಮತ್ತೆ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಮತ್ತು ಅವರ ಸ್ನೇಹಿತ ಶಶಾಂಕ್ ಮಹೇಶ್ ಸೇರಿ ಸಿಲಿಕೋನ್‌ನಲ್ಲಿ ಔಂ ಅನ್ನುವ ವಾಲ್ವ್ ಮಾಡಿದರು. ಬೆಲೆ 50 ರೂಪಾಯಿ ಅಂತ 2015ರ ಹೊತ್ತಿಗೆ ಎಲ್ಲ ಪತ್ರಿಕೆಗಳಲ್ಲೂ ಬಂತು. ನನಗೆ ಇದರಲ್ಲಿ ಮೆಚ್ಚುಗೆ ಬೆಲೆಗಿಂತ ಬೇರೆ ಕಡೆ. ಹೆಂಡತಿಯನ್ನು ಕೂಗಿ ಕರೆಯಲಾಗದೆ ತಟ್ಟೆ ಬಡಿದು ಕರೆಯುವ ಗಂಡಸರನ್ನು ನಾನು ನೋಡಿದ್ದೇನೆ. ದುಡ್ಡಿಲ್ಲ ಅಂತ ಹಳೇ ವಾಲ್ವ್ ಸೋರುತ್ತಿದ್ದರೂ ತಿಂಗಳುಗಟ್ಟಲೆ ಹಾಗೇ ಇಟ್ಟುಕೊಂಡು, ನೀರು ಕುಡಿದಾಗೆಲ್ಲ ಕೆಮ್ಮುತ್ತಾರೆ. ಬದಲಿಸುವ ವಸ್ತು ಅಗ್ಗವಾದರೆ ಬದಲಿಸುವುದಕ್ಕೆ ಬರುತ್ತಾರೆ. ಅದು ದೊಡ್ಡ ವ್ಯತ್ಯಾಸ.

ಪಿಜಿ ಹುಬ್ಬಳ್ಳಿ
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಸರ್ಜರಿ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ. ನನ್ನದೂ ಒಂದು ಐಡಿಯಾ ಇದೆ, ನಗಬೇಡಿ.

ಲ್ಯಾಪ್ (ಕೀಹೋಲ್) ಆಪರೇಷನ್ ಮುಗಿದ ಮೇಲೆ ಹೊಕ್ಕಳ ಹತ್ತಿರದ 10 ಮಿ.ಮೀ. ತೂತಿನ ಒಳಪದರವನ್ನು ಹೊಲಿಯಬೇಕು, ಇಲ್ಲಾಂದ್ರೆ ಮುಂದೆ ಅಲ್ಲೇ ಹರ್ನಿಯಾ. ದಪ್ಪ ಹೊಟ್ಟೆಯವರಲ್ಲಿ ಅದು ಕೊಬ್ಬಿನ ಕೆಳಗೆ ಕಾಣುವುದೇ ಇಲ್ಲ. ಗಾಯ ಅಗಲಿಸುವ ಎರಡು ರಿಟ್ರಾಕ್ಟರ್ ಹಿಡಿದು ಪರದಾಡುತ್ತೇವೆ. ಅದಕ್ಕೆಂದೇ ಸಿಗುವ ಸೂಜಿ ದುಬಾರಿ. ನಾನು ಒಂದು ಟೊಳ್ಳು ಸೂಜಿ, ಒಳಗೆ ಸ್ಪ್ರಿಂಗ್ ಇರುವ ಕೊಕ್ಕೆ, ಹೊರಗೆ ಕೋನ ತೋರಿಸುವ ಗೈಡ್ ಸೇರಿಸಿ ಮಾಡಿಸಿದ್ದೇನೆ. ಲೇತ್ ಅಂಗಡಿಯಲ್ಲಿ ಮಾಡಿಕೊಟ್ಟರು. ಸ್ಪಂಜಿನ ಮೇಲೆ, ಮಾಂಸದಂಗಡಿಯಿಂದ ತಂದ ತುಂಡಿನ ಮೇಲೆ ಚೆನ್ನಾಗಿ ಕೆಲಸ ಮಾಡಿತು. ಚಿತ್ರ ಇಲ್ಲಿ ಹಾಕುತ್ತೇನೆ. ಮುಂದಿನ ತಿಂಗಳು ಕಾನ್ಫರೆನ್ಸ್‌ನಲ್ಲೂ ತೋರಿಸುವ ಯೋಚನೆ. ಏನಂತೀರಿ?

ವಕೀಲೆ ಧಾರವಾಡ
ಚಿತ್ರ ಹಾಕಬೇಡಿ!! ಪೇಟೆಂಟ್ ಕೆಲಸ ಮಾಡುವವಳು ನಾನು. ಮೊದಲು ಕೈ ತೆಗೆಯಿರಿ ಕೀಬೋರ್ಡಿನಿಂದ.

ಪೇಟೆಂಟ್ ಬೇಕಿದ್ದರೆ ಆ ವಸ್ತು ಹೊಸದಾಗಿರಬೇಕು. ನೀವೇ ಇಲ್ಲಿ ಹಾಕಿದರೆ, ಪೋಸ್ಟರ್ ಅಂಟಿಸಿದರೆ, ಅದು ಎಲ್ಲರಿಗೂ ಗೊತ್ತಾದ ವಸ್ತು ಆಯಿತು. ನಮ್ಮ ಕಾನೂನಿನಲ್ಲಿ ಕೆಲವು ಸಭೆಗಳಲ್ಲಿ ತೋರಿಸಿದ್ದಕ್ಕೆ 12 ತಿಂಗಳ ವಿನಾಯಿತಿ ಇದೆ, ಆದರೆ ಎಲ್ಲ ದೇಶಗಳೂ ಅದನ್ನು ಒಪ್ಪುವುದಿಲ್ಲ. ಅದನ್ನು ನಂಬಿ ಕೂರಬೇಡಿ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ಅದಾದ ಮೇಲೆ 12 ತಿಂಗಳೊಳಗೆ ಪೂರ್ತಿ ಅರ್ಜಿ ಕೊಟ್ಟರೆ ಸಾಕು. ನಿಮ್ಮ ಕಾಲೇಜಿಗೂ ಅದರಲ್ಲಿ ಹಕ್ಕು ಇರಬಹುದು, ಅವರ ನಿಯಮ ಓದಿಕೊಳ್ಳಿ. ಲೇತ್‌ನವರು ಬರೀ ನಿಮ್ಮ ಚಿತ್ರದಂತೆ ಮಾಡಿದರಾ, ಇಲ್ಲಾ ಅವರೂ ಏನಾದರೂ ಸೂಚಿಸಿದರಾ ಅನ್ನುವುದನ್ನೂ ಈಗಲೇ ಬರೆದಿಡಿ. ಸೂಚಿಸಿದ್ದರೆ ಅವರ ಹೆಸರೂ ಸೇರಬೇಕು.

ಇನ್ನೊಂದು ವಿಷಯ. ಸಾಧನಕ್ಕೆ ಪೇಟೆಂಟ್ ಸಿಗುತ್ತದೆ. ಹೊಲಿಯುವ ವಿಧಾನಕ್ಕೆ ಸಿಗುವುದಿಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 3(ಐ) ಕಲಮು ಚಿಕಿತ್ಸೆಯ ವಿಧಾನಗಳನ್ನು ಹೊರಗಿಟ್ಟಿದೆ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಪ್ಯಾಲಿನ್ ಅನ್ನುವ ಕಣ್ಣಿನ ಸರ್ಜನ್, ಹೊಲಿಗೆ ಬೇಡದ ಒಂದು ಬಗೆಯ ಕೊಯ್ತಕ್ಕೇ ಪೇಟೆಂಟ್ ಪಡೆದು ಇನ್ನೊಬ್ಬ ಸರ್ಜನ್ ಮೇಲೆ ಕೇಸ್ ಹಾಕಿದ್ದರು. ದೊಡ್ಡ ಗಲಾಟೆಯಾಗಿ 1996ರಲ್ಲಿ ಅಲ್ಲಿ ಕಾನೂನನ್ನೇ ಬದಲಿಸಿದರು. ಅಂಥ ಕೇಸಿನಿಂದ ಡಾಕ್ಟರ್‌ಗಳಿಗೆ ರಕ್ಷಣೆ ಸಿಕ್ಕಿತು.

ಪೀಣ್ಯ ಲೇತ್
ಚಿತ್ರ ಬೇಡ. ಯಾವ ಸ್ಟೀಲು ಅಂತ ಮಾತ್ರ ಹೇಳಿ. ಲೇತ್ ಅಂಗಡಿಯಲ್ಲಿ ಕೈಗೆ ಸಿಕ್ಕ 304 ದರ್ಜೆಯ ಸ್ಟೀಲ್ ರಾಡ್ ಹಾಕಿರುತ್ತಾರೆ. ಉಪ್ಪುನೀರು, ರಕ್ತ, ದಿನಾ ಆಟೋಕ್ಲೇವ್ ಅಂದರೆ 316ಎಲ್ ಕೇಳಿ. ಕೊಕ್ಕೆಯ ತುದಿ ಗಟ್ಟಿ ಬೇಕಾದರೆ ಅದಕ್ಕೆ ಬೇರೆ ಸ್ಟೀಲು. ಒಳಗಿನ ಬರ್, ಅಂದರೆ ಕೊರೆದಾಗ ಉಳಿಯುವ ಚೂಪು ಮುಳ್ಳು, ತೆಗೆಸಿದ್ದೀರಾ? ಸೂಜಿಯ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಬರ್ ಉಳಿದರೂ ದಾರ ಎಳೆದಾಗ ಅಲ್ಲೇ ಸವೆದು ತುಂಡಾಗುತ್ತದೆ.

ಪಿಜಿ ಹುಬ್ಬಳ್ಳಿ
ಸರ್, 304 ಇರಬೇಕು, ಕೇಳಲಿಲ್ಲ. ದಾರ ಎರಡು ಸಲ ತುಂಡಾಯಿತು, ದಾರವೇ ಸರಿಯಿಲ್ಲ ಅಂದುಕೊಂಡಿದ್ದೆ! ವಕೀಲ ಮೇಡಂ, ಕಾನ್ಫರೆನ್ಸ್ ಮುಂದಕ್ಕೆ ಹಾಕಿದೆ. ಇನ್ನು ನನ್ನ ಯೂನಿಟ್ ಚೀಫ್ ಒಪ್ಪಿದರೆ ಒಂದೆರಡು ಕೇಸಿನಲ್ಲಿ ಬಳಸಿ ನೋಡಬಹುದಾ?

ಘಟ್ಟದ ಸರ್ಜನ್
ತಮ್ಮಾ, ಬೇಡ. ಚೀಫ್ ಒಪ್ಪಿದರೆ ಸಾಲದು. ಎಥಿಕ್ಸ್ ಕಮಿಟಿಗೆ ಹೋಗು. 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಇವೆ. ನಿನ್ನದು ಹೃದಯದ ವಾಲ್ವ್ ಅಲ್ಲ ನಿಜ, ಆದರೂ ಯಾವ ದರ್ಜೆ, ಏನು ಅನುಮತಿ ಬೇಕು ಅಂತ ಮೊದಲೇ ಕೇಳಿಕೋ.

ಸರ್ಜರಿಯ ಹೊಸ ಕೆಲಸಗಳಿಗೆ ಐಡಿಯಲ್ ಅಂತ ಒಂದು ಚೌಕಟ್ಟು 2009ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿದೆ, ಹುಡುಕಿ ಓದು. ಮೊದಲು ಒಬ್ಬಿಬ್ಬರು ರೋಗಿ, ಆಮೇಲೆ ಸುಧಾರಣೆ, ಆಮೇಲೆ ಬೇರೆ ಸರ್ಜನ್‌ಗಳ ಕೈಯಲ್ಲಿ, ಆಮೇಲೆ ಹೋಲಿಕೆ, ಕೊನೆಗೆ ವರ್ಷಗಳ ಲೆಕ್ಕ. ಇದರಲ್ಲಿ ಹೆಚ್ಚಿನವರು ಜಾರುವುದು ಮೂರನೆಯದರಲ್ಲಿ. ಮಾಡಿದವನ ಕೈಯಲ್ಲಿ ಎಲ್ಲ ಸಾಧನವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಡಗೈ ಸರ್ಜನ್‌ಗೆ ಕೊಡು, ರಾತ್ರಿ ಎರಡು ಗಂಟೆಗೆ ನಿನ್ನ ಜೂನಿಯರ್‌ಗೆ ಕೊಡು, ಆಗ ಏನಾಗುತ್ತದೆ ನೋಡು. ತುಂಡಾದ ದಾರವನ್ನೂ ಬರೆದಿಡು. ಬರೀ ಆದದ್ದನ್ನು ಬರೆದರೆ ಅದು ಜಾಹೀರಾತು.

ತಿಪಟೂರು ತೆಂಗು
ಡಾಕ್ಟ್ರೇ, ನನ್ನ ಪ್ರಶ್ನೆಗೆ ಈಗ ಪೂರ್ತಿ ಉತ್ತರ ಸಿಕ್ಕಿತು. ಮಂತ್ರಿಗಳ ವಿಷಯ ಬಿಟ್ಟು.

ಓಟಿ ಸಿಸ್ಟರ್
ಎಲ್ಲ ಸರಿ. ನನ್ನ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಡಾಕ್ಟ್ರೇ, ಆ ಟೊಳ್ಳು ಸೂಜಿಯ ಒಳಗೆ ಸ್ಪ್ರಿಂಗ್ ಇದೆ ಅಂದಿರಿ. ಅದನ್ನು ತೊಳೆಯುವವರು ಯಾರು?

ಆಪರೇಷನ್ ಮುಗಿಸಿ ನೀವು ಗ್ಲೌಸ್ ಬಿಚ್ಚಿ ಕಾಫಿಗೆ ಹೋಗುತ್ತೀರಿ. ರಕ್ತ ಒಣಗಿ ಸ್ಪ್ರಿಂಗ್ ಸುತ್ತಿನೊಳಗೆ ಕೂರುತ್ತದೆ. ಎನ್‌ಜೈಮ್ ದ್ರಾವಣದಲ್ಲಿ ನೆನೆಸಿದರೂ ಒಳಗೆ ಬ್ರಷ್ ಹೋಗಬೇಕು, ಆಚೆ ತುದಿಯಿಂದ ನೀರು ಹೊರಗೆ ಬರಬೇಕು. ಕೊಳೆ ಉಳಿದರೆ ಅದರ ಮೇಲೆ ಆಟೋಕ್ಲೇವ್ ಮಾಡಿ ಏನು ಉಪಯೋಗ? ಒಳಗೆ ಹಬೆಯೇ ಮುಟ್ಟುವುದಿಲ್ಲ. ದುಬಾರಿ ಸಾಧನಗಳೇ ಇದೇ ಕಾರಣಕ್ಕೆ ನಮ್ಮ ಸಾಧನ ತೊಳೆದು ಶುದ್ಧ ಮಾಡುವ ವಿಭಾಗ ಸಿಎಸ್‌ಎಸ್‌ಡಿಯಿಂದ ವಾಪಸ್ ಹೋಗುವುದನ್ನು ನೋಡಿದ್ದೇನೆ.

ಪಿಜಿ ಹುಬ್ಬಳ್ಳಿ
ಸಿಸ್ಟರ್... ಇದನ್ನು ಯೋಚಿಸಿರಲಿಲ್ಲ. ಹಿಂಬದಿ ಮುಚ್ಚಳ ಪ್ರೆಸ್ ಮಾಡಿ ಕೂರಿಸಿದ್ದಾರೆ.

ಪೀಣ್ಯ ಲೇತ್
ಪ್ರೆಸ್ ಫಿಟ್ ಬೇಡ. ಹಿಂದೆ ತಿರುಪು ಕೊಡಿ. ಮುಚ್ಚಳ, ಸ್ಪ್ರಿಂಗ್, ಕೊಕ್ಕೆ ಮೂರೂ ಕೈಯಲ್ಲಿ ಬಿಚ್ಚಲು ಬರಬೇಕು, ಸ್ಪ್ಯಾನರ್ ಬೇಕಾಗಬಾರದು. ಶನಿವಾರ ಮಧ್ಯಾಹ್ನದ ಮೇಲೆ ಬೆಂಗಳೂರು ಕಡೆ ಬಂದರೆ ತನ್ನಿ. ಬರುವ ಮುಂಚೆ ವಕೀಲ ಮೇಡಂ ಹತ್ತಿರ ನನಗೊಂದು ಗೋಪ್ಯತೆ ಪತ್ರ ಬರೆಸಿಕೊಳ್ಳಿ, ಸಹಿ ಹಾಕುತ್ತೇನೆ.

ಓಟಿ ಸಿಸ್ಟರ್
ಸ್ಪ್ರಿಂಗ್ ಬಿಚ್ಚಿದ ಮೇಲೆ ಸಿಂಕಿನಲ್ಲಿ ಜಾರಿ ಹೋಗದಷ್ಟು ದೊಡ್ಡದಿರಲಿ. ಮತ್ತೆ ಕೂರಿಸುವಾಗ ಉಲ್ಟಾ ಕೂರಬಾರದು. ರಾತ್ರಿ ಪಾಳಿಯಲ್ಲಿ ಹೊಸ ಹುಡುಗಿಯರು ಇರುತ್ತಾರೆ.